ಸೂಜಿಯನ್ನು ಮುಚ್ಚಿಡುವ ಮನೆಗಳು

ನಮ್ಮ ಪಟ್ಟಣಗಳ ಮುಸ್ಲಿಮ್ ಮನೆಗಳಲ್ಲಿ ಸಕ್ಕರೆ ಕಾಯಿಲೆ ಎಂಬುದು ಇಂದು ಯಾರನ್ನೂ ಬೆಚ್ಚಿ ಬೀಳಿಸುವ ಮಾತಲ್ಲ. ನಿಕಾಹ್‌ನ ಊಟಕ್ಕೆ ಕುಳಿತ ಹಿರಿಯರು ತಂತಮ್ಮ ಶುಗರ್‌ನ ಅಂಕಿಗಳನ್ನು ಅಡಿಕೆಯ ಧಾರಣೆಯಂತೆ ಪರಸ್ಪರ ವಿಚಾರಿಸಿಕೊಳ್ಳುತ್ತಾರೆ. ಮಾತ್ರೆ ನುಂಗಿ ಬಿರಿಯಾನಿಗೆ ಕೈಯಿಡುವುದು ತಮಾಷೆಯ ವಿಷಯವಾಗಿಬಿಟ್ಟಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ನಡೆಸಿದ ದೇಶವ್ಯಾಪಿ ಅಧ್ಯಯನದ ವರದಿ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂಬ ಅಂಶ ಬೆಳಕಿಗೆ ಬಂತು. ಇಷ್ಟೊಂದು ಮಂದಿಗೆ ಬಂದಿರುವ ರೋಗದ ಬಗ್ಗೆ ನಾಚಿಕೆಪಡುವುದಾದರೂ ಏತಕ್ಕೆ ಎಂದು ಜನರು ಭಾವಿಸಿದ್ದರೆ ಅದು ಸರಿಯೇ.

ಆದರೆ ಇದೇ ಹೆಸರನ್ನು ಹೊತ್ತ ಇನ್ನೊಂದು ರೋಗವಿದೆ. ಅದು ಬಂದಿರುವುದು ಅಜ್ಜನಿಗಲ್ಲ, ಒಂಬತ್ತು ವರ್ಷದ ಮೊಮ್ಮಗಳಿಗೆ. ಆ ಮನೆಯಲ್ಲಿ ಅಜ್ಜನ ಮಾತ್ರೆಯ ಡಬ್ಬಿ ಊಟದ ಮೇಜಿನ ಮೇಲೆ ರಾಜಾರೋಷವಾಗಿ ಕುಳಿತಿರುತ್ತದೆ. ಮೊಮ್ಮಗಳ ಇನ್ಸುಲಿನ್ ಮಾತ್ರ ಫ್ರಿಜ್‌ನ ಹಿಂಬದಿಯಲ್ಲಿ, ಉಪ್ಪಿನಕಾಯಿಯ ಭರಣಿಯ ಮರೆಯಲ್ಲಿ ಅಡಗಿರುತ್ತದೆ. ಅತಿಥಿಗಳು ಬಂದರೆ ತಾಯಿಯು ಮಗುವನ್ನು ಒಳಕೋಣೆಗೆ ಕರೆದೊಯ್ದು ಬಾಗಿಲು ಹಾಕಿ ಸೂಜಿ ಚುಚ್ಚುತ್ತಾಳೆ. ಏಕೆಂದು ಕೇಳಿದರೆ ಉತ್ತರ ಸಿದ್ಧವಾಗಿದೆ: ಹೆಣ್ಣುಮಗು, ನಾಳೆ ಮದುವೆಯಾಗಬೇಡವೇ? ಗಂಡುಮಕ್ಕಳ ಮನೆಗಳಲ್ಲೂ ಈ ಗುಟ್ಟು ಇಲ್ಲವೆಂದಲ್ಲ, ಆದರೆ ಅಲ್ಲಿ ಬಾಗಿಲು ಸ್ವಲ್ಪ ತೆರೆದಿರುತ್ತದೆ.

ಈ ಮುಚ್ಚುಮರೆಯು ರೋಗಕ್ಕಿಂತಲೂ ಅಪಾಯಕಾರಿ ಎಂಬುದು ನಮ್ಮ ಅಭಿಪ್ರಾಯ. ಅದನ್ನು ವಿವರಿಸುವುದಕ್ಕೆ ಮೊದಲು ಈ ರೋಗವೇನೆಂಬುದನ್ನು ತಿಳಿದುಕೊಳ್ಳಬೇಕು. ಯಾಕೆಂದರೆ ಹೆಚ್ಚಿನ ಮನೆಗಳಲ್ಲಿ ಅಜ್ಜನದ್ದೂ ಮೊಮ್ಮಗಳದ್ದೂ ಒಂದೇ ರೋಗವೆಂದು ತಿಳಿಯಲಾಗಿದೆ.

ಅಜ್ಜನ ಶರೀರದಲ್ಲಿ ಇನ್ಸುಲಿನ್ ಇದೆ, ಆದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ ಅಥವಾ ಅಗತ್ಯಕ್ಕೆ ಸಾಲುವುದಿಲ್ಲ. ಅದು ಟೈಪ್ 2. ಮೊಮ್ಮಗಳ ಶರೀರದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗಿದೆ. ರೋಗಾಣುಗಳ ವಿರುದ್ಧ ಹೋರಾಡಲು ಶರೀರದಲ್ಲಿರುವ ಕಾವಲು ಪಡೆಯು ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಜೀವಕೋಶಗಳನ್ನೇ ಶತ್ರುವೆಂದು ಭಾವಿಸಿ ನಾಶಪಡಿಸಿದೆ. ತನ್ನವರನ್ನೇ ಕೊಲ್ಲುವ ಇಂತಹ ರೋಗಗಳನ್ನು ವೈದ್ಯರು ಆಟೋಇಮ್ಯೂನ್ ರೋಗಗಳೆನ್ನುತ್ತಾರೆ. ಟೈಪ್ 1 ಮಧುಮೇಹ ಅವುಗಳಲ್ಲೊಂದು. ಮಗು ಚಾಕಲೇಟು ತಿಂದದ್ದರಿಂದ ಅದು ಬರುವುದಿಲ್ಲ. ಗರ್ಭಿಣಿಯಾಗಿದ್ದಾಗ ತಾಯಿಯು ಹಲ್ವ ತಿಂದದ್ದರಿಂದಲೂ ಬರುವುದಿಲ್ಲ. ಸೊಸೆಯ ಅಡುಗೆಯನ್ನು ದೂಷಿಸುವ ಅತ್ತೆಯಂದಿರು ಈ ಮಾತನ್ನು ಎರಡು ಬಾರಿ ಓದಬೇಕೆಂದು ನಮ್ಮ ವಿನಂತಿ.

1922ಕ್ಕಿಂತ ಮುಂಚೆ ಈ ರೋಗ ಬಂದ ಮಗು ಬದುಕುತ್ತಿರಲಿಲ್ಲ. ಹಸಿವಿನಿಂದ ಒಣಗಿಸಿ ಕೆಲವು ತಿಂಗಳು ಜೀವ ಹಿಡಿಸುವುದೊಂದೇ ವೈದ್ಯರಿಗೆ ತಿಳಿದಿದ್ದ ಉಪಾಯ. ಆ ವರ್ಷದ ಜನವರಿ 11ರಂದು ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ, ಎಲುಬಿನ ಗೂಡಾಗಿದ್ದ ಬಾಲಕನಿಗೆ ಪ್ರಥಮ ಬಾರಿ ಇನ್ಸುಲಿನ್ ಚುಚ್ಚಲಾಯಿತು. ಮೊದಲ ಚುಚ್ಚುಮದ್ದು ಶುದ್ಧವಾಗಿರಲಿಲ್ಲ, ಫಲ ಸಿಗಲಿಲ್ಲ. ಹನ್ನೆರಡು ದಿನಗಳ ಬಳಿಕ ಶುದ್ಧೀಕರಿಸಿ ಕೊಟ್ಟಾಗ ಅವನು ಚೇತರಿಸಿಕೊಂಡನು, ಮತ್ತು ಹದಿಮೂರು ವರ್ಷ ಬದುಕಿದನು. ಅಂದರೆ ಈ ಮಕ್ಕಳಿಗೆ ಇನ್ಸುಲಿನ್ ಎಂಬುದು ಇತರ ಔಷಧಗಳಂತೆ ಒಂದು ಔಷಧವಲ್ಲ, ನೀರು ಮತ್ತು ಅನ್ನದ ಸಾಲಿಗೆ ಸೇರಿದ ವಸ್ತು. ಅದನ್ನು ನಿಲ್ಲಿಸಿದರೆ ದಿನಗಳಲ್ಲಿ, ಕೆಲವೊಮ್ಮೆ ಒಂದೆರಡು ದಿನಗಳಲ್ಲೇ, ರಕ್ತವು ಆಮ್ಲಮಯವಾಗಿ ಪ್ರಾಣಾಪಾಯ ಉಂಟಾಗುತ್ತದೆ.

ರೋಗ ಬಂದಿದೆಯೆಂದು ತಿಳಿಯುವುದರಲ್ಲೇ ನಾವು ಮೊದಲು ಸೋಲುತ್ತೇವೆ. ಮಗು ಪದೇ ಪದೇ ಮೂತ್ರಕ್ಕೆ ಹೋಗುತ್ತದೆ, ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಆರಂಭಿಸುತ್ತದೆ, ತಂಬಿಗೆಗಟ್ಟಲೆ ನೀರು ಕುಡಿಯುತ್ತದೆ, ಚೆನ್ನಾಗಿ ತಿಂದರೂ ಸೊರಗುತ್ತದೆ. ಇದನ್ನು ಬೇಸಿಗೆಯ ಬಾಯಾರಿಕೆ ಎಂದೋ ಹುಳದ ಬಾಧೆ ಎಂದೋ ತಳ್ಳಿಹಾಕಲಾಗುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಿಕೊಂಡಾಗ ದೃಷ್ಟಿ ತಾಗಿದೆಯೆಂದು ನೀರು ಮಂತ್ರಿಸಲು ಓಡುವವರಿದ್ದಾರೆ. ಬೆರಳ ತುದಿಯ ಒಂದು ಹನಿ ರಕ್ತ ಪರೀಕ್ಷಿಸಲು ಒಂದು ನಿಮಿಷವೂ ಬೇಡ. ಆ ಒಂದು ನಿಮಿಷ ಸಿಗದೆ ತೀವ್ರ ನಿಗಾ ಘಟಕ ಸೇರುವ ಮಕ್ಕಳು ಇಂದಿಗೂ ಇದ್ದಾರೆ.

ಬಳಿಕ ನಿತ್ಯದ ಬದುಕು ಆರಂಭವಾಗುತ್ತದೆ. ಆ ಬದುಕಿನ ಲೆಕ್ಕಾಚಾರವನ್ನು ಹೊರಗಿನವರು ಊಹಿಸಲಾರರು. ದಿನಕ್ಕೆ ಮೂರು ನಾಲ್ಕು ಬಾರಿ ಚುಚ್ಚುಮದ್ದು, ಅಷ್ಟೇ ಬಾರಿ ಅಥವಾ ಅದಕ್ಕೂ ಹೆಚ್ಚು ಬಾರಿ ರಕ್ತ ಪರೀಕ್ಷೆ. ತಟ್ಟೆಯಲ್ಲಿ ಎಷ್ಟು ಅನ್ನವಿದೆ, ಎಷ್ಟು ಪತ್ತಿರಿಯಿದೆ, ಮಗು ಸಂಜೆ ಆಡಲು ಹೋಗುವುದೇ, ನಿನ್ನೆ ಈ ಹೊತ್ತಿಗೆ ಎಷ್ಟಿತ್ತು ಎಂಬುದನ್ನೆಲ್ಲ ನೋಡಿ ಪ್ರಮಾಣ ನಿರ್ಧರಿಸಬೇಕು. ನಮ್ಮ ಮನೆಗಳಲ್ಲಿ ಶುಗರ್ ಎಂದ ಕೂಡಲೇ ಬಿರಿಯಾನಿಯ ಮಾಂಸದ ತುಂಡನ್ನು ಮಗುವಿನ ತಟ್ಟೆಯಿಂದ ತೆಗೆಯುವವರಿದ್ದಾರೆ! ರಕ್ತದ ಸಕ್ಕರೆಯನ್ನು ಬೇಗನೆ ಏರಿಸುವುದು ಅನ್ನವೇ ಹೊರತು ಮಾಂಸವಲ್ಲ. ತುಪ್ಪ ಎಣ್ಣೆಗಳು ಆ ಏರಿಕೆಯನ್ನು ತಡವಾಗಿಸುತ್ತವೆ. ಆದ್ದರಿಂದಲೇ ಮದುವೆಯ ಊಟವಾದ ಎರಡು ಗಂಟೆಗೆ ಸರಿಯಿದ್ದ ಅಂಕಿಯು ನಡುರಾತ್ರಿಗೆ ಏರಿರುತ್ತದೆ. ಇದನ್ನೆಲ್ಲ ಕಲಿತ ತಾಯಂದಿರನ್ನು ನಾವು ಬಲ್ಲೆವು. ಎಸ್ಸೆಸ್ಸೆಲ್ಸಿಯನ್ನೂ ದಾಟಿರದ ಅವರು ಈ ಲೆಕ್ಕವನ್ನು ಮಾಡುವ ಪರಿಯನ್ನು ಕಂಡು ನಮಗೆ ಅಚ್ಚರಿಯಾಗಿದೆ.

ಕೆಲವು ಚಿಕ್ಕ ಸಂಗತಿಗಳನ್ನು ಇಲ್ಲಿ ಹೇಳಲೇಬೇಕಾಗಿದೆ. ಯಾಕೆಂದರೆ ಪ್ರಾಣ ನಿಂತಿರುವುದು ಅವುಗಳ ಮೇಲೆಯೇ. ನಮ್ಮ ದೇಶದಲ್ಲಿ ಬಾಟಲಿಯಲ್ಲಿ ಸಿಗುವ ಇನ್ಸುಲಿನ್ ಎರಡು ಬಲದಲ್ಲಿದೆ, ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವುದು ಮತ್ತು 100 ಯೂನಿಟ್ ಇರುವುದು. ಅವುಗಳಿಗೆ ಸಿರಿಂಜ್ ಕೂಡಾ ಬೇರೆ ಬೇರೆ. ಸಾಮಾನ್ಯವಾಗಿ 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನನ್ನು 40ರ ಸಿರಿಂಜ್‌ನಲ್ಲಿ ಎಳೆದರೆ ಶರೀರಕ್ಕೆ ಎರಡೂವರೆ ಪಟ್ಟು ಹೆಚ್ಚು ಔಷಧ ಹೋಗುತ್ತದೆ. ಔಷಧದಂಗಡಿಯ ಹುಡುಗ ಕೊಟ್ಟದ್ದನ್ನು ಮರುಮಾತಿಲ್ಲದೆ ತರುವ ತಂದೆಯಂದಿರು ಈ ಬಣ್ಣಗಳನ್ನು ನೆನಪಿಡಬೇಕು. ತೆರೆಯದ ಬಾಟಲಿಯನ್ನು ಫ್ರಿಜ್‌ನಲ್ಲಿಡಬೇಕು, ಆದರೆ ಮಂಜುಗಡ್ಡೆಯ ಕಪಾಟಿನಲ್ಲಿ ಅಲ್ಲ, ಹೆಪ್ಪುಗಟ್ಟಿದ ಇನ್ಸುಲಿನ್ ನಿರುಪಯುಕ್ತ. ಫ್ರಿಜ್ ಇಲ್ಲದವರು ಮಣ್ಣಿನ ಮಡಕೆಯನ್ನು ನೆರಳಿನಲ್ಲಿಟ್ಟು, ಹೊರಗೆ ಒದ್ದೆ ಮಾಡಿ, ಒಳಗೆ ನೀರು ತಾಗದಂತೆ ಬಾಟಲಿಯನ್ನು ಇರಿಸಬಹುದು. ಚುಚ್ಚುವ ಜಾಗವನ್ನು ದಿನವೂ ಬದಲಾಯಿಸದಿದ್ದರೆ ಅಲ್ಲಿ ಗಂಟು ಕಟ್ಟಿ ಔಷಧ ಸರಿಯಾಗಿ ಹೀರಲ್ಪಡುವುದಿಲ್ಲ.

ಜ್ವರ ಅಥವಾ ವಾಂತಿಯಾಗಿ ಮಗು ಉಣ್ಣದಿದ್ದಾಗ ಊಟವಿಲ್ಲದ ಮೇಲೆ ಇನ್ಸುಲಿನ್ ಏತಕ್ಕೆ ಎಂದು ನಿಲ್ಲಿಸುವುದು ಅತಿ ದೊಡ್ಡ ತಪ್ಪು. ರೋಗ ಬಂದಾಗ ಸಕ್ಕರೆಯು ಸಾಮಾನ್ಯವಾಗಿ ಏರುತ್ತದೆ. ಪ್ರಮಾಣವನ್ನು ವೈದ್ಯರೊಡನೆ ಕೇಳಿ ಬದಲಿಸಬಹುದು, ಆದರೆ ಸಂಪೂರ್ಣ ನಿಲ್ಲಿಸುವಂತಿಲ್ಲ.

ಇದರ ವಿರುದ್ಧ ದಿಕ್ಕಿನ ಅಪಾಯವೇ ಲೋ ಶುಗರ್. 70ಕ್ಕಿಂತ ಕೆಳಗಿಳಿದಾಗ ಮಗು ಬೆವರುತ್ತದೆ, ನಡುಗುತ್ತದೆ, ಮಂಕಾಗುತ್ತದೆ, ಕಾರಣವಿಲ್ಲದೆ ಸಿಟ್ಟಾಗುತ್ತದೆ. ಕೂಡಲೇ ಮೂರು ಚಮಚ ಸಕ್ಕರೆಯನ್ನು ಅಥವಾ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹೊಯ್ಯಬಾರದು, ಆಸ್ಪತ್ರೆಗೆ ಒಯ್ಯಬೇಕು.

ಈಗ ಒಂದು ದೃಶ್ಯವನ್ನು ಕಲ್ಪಿಸಿಕೊಳ್ಳಿ. ಕರಾವಳಿಯ ನಮ್ಮ ಮಕ್ಕಳು ಶಾಲೆಗೆ ಮುಂಚೆ ಬೆಳ್ಳಂಬೆಳಗ್ಗೆ ಮದ್ರಸಕ್ಕೆ ಹೋಗುತ್ತಾರೆ. ಇನ್ಸುಲಿನ್ ಚುಚ್ಚಿಸಿಕೊಂಡು, ಅರೆಬರೆ ತಿಂಡಿ ತಿಂದು ಓಡಿದ ಹುಡುಗ ಏಳೂವರೆಯ ಹೊತ್ತಿಗೆ ಪಾಠದ ಮೇಲೆ ತಲೆ ಬಾಗಿಸಿ ತೂಕಡಿಸತೊಡಗುತ್ತಾನೆ. ಉಸ್ತಾದರಿಗೆ ವಿಷಯ ಗೊತ್ತಿಲ್ಲ, ಮನೆಯವರು ಹೇಳಿಲ್ಲ. ಅವರು ಸೋಮಾರಿಯೆಂದು ಗದರಿಸುತ್ತಾರೆ. ನಿಜವಾಗಿ ಅವನಿಗೆ ಬೇಕಾಗಿದ್ದುದು ಒಂದು ಲೋಟ ಸಕ್ಕರೆ ನೀರು. ಮದ್ರಸದ ಬೆಂಚುಗಳಲ್ಲಿ ಹಲವು ವರ್ಷ ಕಳೆದಿರುವ ನಮಗೆ ತಿಳಿದಿರುವಂತೆ ಉಸ್ತಾದರು ಕಠೋರರಲ್ಲ. ಅವರಿಗೆ ತಿಳಿಸಿದ್ದರೆ ಅವರೇ ತಮ್ಮ ಜೇಬಿನಲ್ಲಿ ಬೆಲ್ಲದ ತುಂಡನ್ನು ಇಟ್ಟುಕೊಂಡಿರುತ್ತಿದ್ದರು. ಮುಚ್ಚಿಟ್ಟವರು ಯಾರು? ಮಗುವನ್ನು ಅತ್ಯಂತ ಪ್ರೀತಿಸುವ ಹೆತ್ತವರೇ. ಶಾಲೆಯ ವಿಷಯದಲ್ಲೂ ಹೀಗೆಯೇ. ಸಿಬಿಎಸ್ಇ ಮಂಡಳಿಯು 2017ರಲ್ಲಿ ಟೈಪ್ 1 ಮಧುಮೇಹವಿರುವ ವಿದ್ಯಾರ್ಥಿಗಳು ಪರೀಕ್ಷಾ ಕೊಠಡಿಗೆ ತಿನಿಸು ಒಯ್ಯಲು ಅನುಮತಿಸಿತು. ಆದರೆ ರೋಗವನ್ನೇ ಹೇಳದ ಮಗುವಿಗೆ ಯಾವ ಸುತ್ತೋಲೆಯಿಂದ ಪ್ರಯೋಜನವಾದೀತು?

ಮುಚ್ಚುಮರೆಯ ಇನ್ನೊಂದು ಫಲವೆಂದರೆ ಗುಟ್ಟಿನ ಚಿಕಿತ್ಸೆ. ಹೊರಗೆ ಹೇಳದ ರೋಗಕ್ಕೆ ಹೊರಗೆ ಹೇಳದ ಮದ್ದುಗಾರರು ಸಿಗುತ್ತಾರೆ. ಬೇರು, ಪುಡಿ, ತಾಯಿತ, ಶಾಶ್ವತ ಪರಿಹಾರದ ಭರವಸೆ! ಇವರ ಯಶಸ್ಸಿನ ಗುಟ್ಟನ್ನು ಓದುಗರು ಅರಿತಿರಬೇಕು. ಇನ್ಸುಲಿನ್ ಆರಂಭಿಸಿದ ಕೆಲವು ವಾರಗಳಲ್ಲಿ ಅನೇಕ ಮಕ್ಕಳಲ್ಲಿ ಅಳಿದುಳಿದ ಬೀಟಾ ಜೀವಕೋಶಗಳು ಅಲ್ಪಕಾಲ ಚೇತರಿಸಿಕೊಳ್ಳುತ್ತವೆ, ಇನ್ಸುಲಿನ್‌ನ ಅಗತ್ಯ ತೀರಾ ಕಡಿಮೆಯಾಗುತ್ತದೆ. ವೈದ್ಯರು ಇದನ್ನು ಹನಿಮೂನ್ ಅವಧಿ ಎನ್ನುತ್ತಾರೆ. ತಿಂಗಳುಗಳು ಕಳೆದಂತೆ ಅದು ಮುಗಿದೇ ಮುಗಿಯುತ್ತದೆ. ಪುಡಿಯವನು ಬರುವುದು ಸರಿಯಾಗಿ ಈ ಹೊತ್ತಿಗೆ. ಇನ್ಸುಲಿನ್ ಇಳಿದುದರ ಕೀರ್ತಿ ಅವನಿಗೆ, ಬಳಿಕ ಮಗು ಆಸ್ಪತ್ರೆ ಸೇರಿದರೆ ಅಪಕೀರ್ತಿ ವಿಧಿಗೆ. ಚಿಕಿತ್ಸೆ ಪಡೆಯುವಂತೆ ಪ್ರವಾದಿ(ಸ)ರು ಅನುಯಾಯಿಗಳಿಗೆ ಕಲಿಸಿದ್ದರೆಂಬುದು ನಮ್ಮ ಮಕ್ಕಳೂ ಬಲ್ಲ ಸಂಗತಿ. ಪ್ರಾರ್ಥಿಸಿರಿ, ಆದರೆ ಸೂಜಿಯನ್ನು ಚುಚ್ಚಿದ ಬಳಿಕ ಪ್ರಾರ್ಥಿಸಿರಿ.

ರಮಝಾನ್‌ನ ವಿಷಯವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕಾಗಿದೆ. ಪವಿತ್ರ ಕುರ್‌ಆನ್‌ನ ದ್ವಿತೀಯ ಅಧ್ಯಾಯದಲ್ಲಿ ಉಪವಾಸವನ್ನು ಕಡ್ಡಾಯಗೊಳಿಸಿದ ಸೂಕ್ತಗಳಲ್ಲೇ (184-185) ರೋಗಿಗೂ ಪ್ರಯಾಣಿಕನಿಗೂ ವಿನಾಯಿತಿ ನೀಡಲಾಗಿದೆ. ಆಜ್ಞೆ ಮತ್ತು ವಿನಾಯಿತಿ ಒಂದೇ ಉಸಿರಿನಲ್ಲಿ ಬಂದಿವೆ. ಆದರೆ ನಮ್ಮ ಸಮಾಜದಲ್ಲಿ ಆಜ್ಞೆಯನ್ನು ಪಾಲಿಸುವುದು ಧರ್ಮನಿಷ್ಠೆಯೆನಿಸಿಕೊಂಡಿತು, ವಿನಾಯಿತಿಯನ್ನು ಸ್ವೀಕರಿಸುವುದು ದೌರ್ಬಲ್ಯವೆನಿಸಿಕೊಂಡಿತು. 2001ರಲ್ಲಿ 13 ದೇಶಗಳ ಮುಸ್ಲಿಮ್ ಮಧುಮೇಹಿಗಳ ನಡುವೆ ನಡೆದ ಎಪಿಡಯಾರ್ ಎಂಬ ಅಧ್ಯಯನದಲ್ಲಿ ಟೈಪ್ 1 ರೋಗಿಗಳ ಪೈಕಿ ಶೇ. 43ರಷ್ಟು ಮಂದಿ ಕನಿಷ್ಠ 15 ದಿನ ಉಪವಾಸ ಆಚರಿಸಿದ್ದು ಕಂಡುಬಂತು. ಅವರಲ್ಲಿ ತೀವ್ರ ಲೋ ಶುಗರ್‌ನ ಪ್ರಕರಣಗಳು ಇತರ ತಿಂಗಳುಗಳಿಗೆ ಹೋಲಿಸಿದರೆ ನಾಲ್ಕೂವರೆ ಪಟ್ಟಿಗೂ ಹೆಚ್ಚಾಗಿದ್ದವು. ಟೈಪ್ 2ರವರಲ್ಲಿ ಏಳೂವರೆ ಪಟ್ಟು. ಮಾತ್ರೆಯೊಂದಿಗೆ ತಮಾಷೆ ಮಾಡುವ ಹಿರಿಯರು ಈ ಎರಡನೆಯ ಅಂಕಿಯ ಮೇಲೆ ಸ್ವಲ್ಪ ಹೊತ್ತು ಕಣ್ಣಿಡಲಿ.

ಇದು ವೈದ್ಯರಿಗೂ ಉಲೇಮಾಗಳಿಗೂ ನಡುವಿನ ಜಗಳವೆಂದು ಬಿಂಬಿಸುವವರಿದ್ದಾರೆ. ವಾಸ್ತವ ಹಾಗಿಲ್ಲ. ಜಿದ್ದಾ ಕೇಂದ್ರಿತ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯು 1997ರಲ್ಲೇ, ಪೋಷಕಾಂಶವಲ್ಲದ ಚುಚ್ಚುಮದ್ದಿನಿಂದ ಉಪವಾಸ ಭಂಗವಾಗುವುದಿಲ್ಲವೆಂದು ನಿರ್ಣಯಿಸಿತ್ತು. ಅದೇ ಅಕಾಡೆಮಿಯು 2009ರಲ್ಲಿ ಶಾರ್ಜಾದಲ್ಲಿ ಸೇರಿ ಮಧುಮೇಹಿಗಳನ್ನು ಅಪಾಯದ ಪ್ರಮಾಣಕ್ಕನುಸಾರ ವರ್ಗೀಕರಿಸಿ, ಅಪಾಯ ಖಚಿತವಾಗಿರುವವರು ಉಪವಾಸ ಆಚರಿಸಬಾರದೆಂದು ಹೇಳಿತು. ಮಾಡದಿದ್ದರೂ ನಡೆಯುತ್ತದೆ ಎಂದಲ್ಲ, ಮಾಡಬಾರದು ಎಂದು! ಬೆರಳು ಚುಚ್ಚಿ ಒಂದು ಹನಿ ರಕ್ತ ಪರೀಕ್ಷಿಸುವುದರಿಂದ ಉಪವಾಸ ಮುರಿಯುವುದಿಲ್ಲವೆಂಬುದನ್ನು ವಿದ್ವಾಂಸರು ಹೇಳುತ್ತಲೇ ಬಂದಿದ್ದಾರೆ. ಆದರೂ ಮುರಿದೀತೆಂಬ ಭಯದಿಂದ ಹಗಲಿಡೀ ಯಂತ್ರವನ್ನು ಮುಟ್ಟದವರು ಪ್ರತಿ ಬೀದಿಯಲ್ಲಿದ್ದಾರೆ.

ಸುಸ್ಥಿತಿಯಲ್ಲಿರುವ ಕೆಲವು ಟೈಪ್ 1 ರೋಗಿಗಳು ವೈದ್ಯರ ನಿಗಾದಲ್ಲಿ ಉಪವಾಸ ಆಚರಿಸುವುದುಂಟು. ಆದರೆ ಅದರ ಸಿದ್ಧತೆ ಶಾಬಾನ್‌ನ ಕೊನೆಯ ರಾತ್ರಿ ಆಗುವಂಥದ್ದಲ್ಲ. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟವು ಸಹಭಾಗಿತ್ವದಲ್ಲಿ ಹೊರತಂದಿರುವ 2021ರ ಮಾರ್ಗಸೂಚಿಯು ಆರರಿಂದ ಎಂಟು ವಾರ ಮುಂಚಿತವಾಗಿಯೇ ವೈದ್ಯರನ್ನು ಕಾಣಲು ಸೂಚಿಸುತ್ತದೆ. ಇನ್ಸುಲಿನ್‌ನ ಪ್ರಮಾಣ ಮತ್ತು ವೇಳೆ ಎರಡೂ ಬದಲಾಗಬೇಕು, ಸಹರಿಯನ್ನು ಬಿಡದೆ ಆದಷ್ಟು ತಡವಾಗಿ ಉಣ್ಣಬೇಕು, ಹಗಲಿನಲ್ಲಿ ಹಲವು ಬಾರಿ ಪರೀಕ್ಷಿಸಬೇಕು. 70ಕ್ಕಿಂತ ಕೆಳಗೆ ಇಳಿದರೆ ಅಥವಾ 300ನ್ನು ದಾಟಿದರೆ ಇಫ್ತಾರ್‌ಗೆ ಹತ್ತೇ ನಿಮಿಷವಿದ್ದರೂ ಉಪವಾಸ ತೊರೆಯಬೇಕು. ಆ ಹತ್ತು ನಿಮಿಷವನ್ನು ಹೇಗಾದರೂ ದೂಡೋಣ ಎಂಬ ಆಸೆಯೇ ಅನೇಕರನ್ನು ನೆಲಕ್ಕುರುಳಿಸಿದೆ. ಬಳಿಕ ಇಫ್ತಾರ್‌ನಲ್ಲಿ ಖರ್ಜೂರ, ಶರಬತ್ತು, ಸಮೋಸ, ಗಂಜಿ ಎಲ್ಲವೂ ಅರ್ಧ ಗಂಟೆಯಲ್ಲಿ ಹೊಟ್ಟೆ ಸೇರಿದರೆ ಹಗಲಿನ ಕುಸಿತವು ರಾತ್ರಿಯ ಏರಿಕೆಯಾಗಿ ಬದಲಾಗುತ್ತದೆ. ಉಪವಾಸ ತೊರೆಯಲು ಒಂದೋ ಎರಡೋ ಖರ್ಜೂರ ಸಾಕು.

ಇನ್ನು ಪ್ರಾಯಕ್ಕೆ ಬಾರದ ಮಕ್ಕಳ ಮೇಲೆ ಉಪವಾಸ ಕಡ್ಡಾಯವೇ ಅಲ್ಲ. ಆದರೆ ಮಗುವಿನ ಮೊದಲ ಉಪವಾಸವನ್ನು ಹೊಸಬಟ್ಟೆ ತೊಡಿಸಿ ಸಂಭ್ರಮಿಸುವ ನಮ್ಮ ರೂಢಿಯಿಂದಾಗಿ, ಉಪವಾಸವಿಲ್ಲದ ಮಗುವು ತಾನೇನೋ ಕೊರತೆಯುಳ್ಳವನೆಂದು ಭಾವಿಸಿಕೊಳ್ಳುತ್ತದೆ. ದೊಡ್ಡವರಾದ ಬಳಿಕವೂ ಎಷ್ಟೋ ಯುವತಿಯರು ರಮಝಾನ್‌ನಲ್ಲಿ ಮನೆಯವರ ಕಣ್ಣು ತಪ್ಪಿಸಿ ಸ್ನಾನದ ಕೋಣೆಯಲ್ಲಿ ಬಿಸ್ಕತ್ತು ತಿನ್ನುತ್ತಾರೆ. ಅಲ್ಲಾಹನು ನೀಡಿದ ವಿನಾಯಿತಿಯನ್ನು ಸ್ನಾನದ ಕೋಣೆಯಲ್ಲಿ ಬಳಸಬೇಕಾದ ಪರಿಸ್ಥಿತಿಯನ್ನು ನಿರ್ಮಿಸಿದವರು ನಾವಲ್ಲವೇ? ಗುಣವಾಗುವ ನಿರೀಕ್ಷೆಯಿಲ್ಲದ ರೋಗಿಯು ಪ್ರತಿ ಉಪವಾಸಕ್ಕೆ ಬದಲಾಗಿ ಓರ್ವ ಬಡವನಿಗೆ ಆಹಾರ ನೀಡುವ ಫಿದ್ಯಾದ ವ್ಯವಸ್ಥೆ ಇದೆ. ಶಾಬಾನ್‌ನ ಒಂದು ಜುಮಾದ ಖುತ್ಬಾವನ್ನು ಖತೀಬರು ಈ ವಿಷಯಕ್ಕಾಗಿ ಮೀಸಲಿಟ್ಟರೆ, ಊರಿನ ಒಬ್ಬ ವೈದ್ಯರನ್ನೂ ಆ ದಿನ ಮಸೀದಿಗೆ ಕರೆದರೆ, ಹಲವು ಮನೆಗಳ ಬಾಗಿಲು ತೆರೆದೀತು.

ಹಣದ ಮಾತಿಗೆ ಬರೋಣ. 30 ಕಿಲೋ ತೂಗುವ ಮಗುವಿಗೆ ದಿನಕ್ಕೆ ಸುಮಾರು 15ರಿಂದ 30 ಯೂನಿಟ್ ಇನ್ಸುಲಿನ್ ಬೇಕಾಗುತ್ತದೆ. 40ರ ಬಲದ 10 ಮಿಲಿಲೀಟರ್ ಬಾಟಲಿಯಲ್ಲಿ ಇರುವುದು 400 ಯೂನಿಟ್. ಅಂದರೆ ಒಂದು ಬಾಟಲಿಯು ಹೆಚ್ಚೆಂದರೆ ಎರಡರಿಂದ ನಾಲ್ಕು ವಾರ ಬರುತ್ತದೆ. ಆದರೆ ನಿಜವಾದ ಭಾರ ಬೀಳುವುದು ಪರೀಕ್ಷೆಯ ಪಟ್ಟಿಗಳಿಂದ. ಒಂದು ಪಟ್ಟಿಗೆ ಹದಿನೈದು ರೂಪಾಯಿಯೆಂದು ಹಿಡಿದರೂ ದಿನಕ್ಕೆ ನಾಲ್ಕರಂತೆ ತಿಂಗಳಿಗೆ 1800 ರೂಪಾಯಿಯಾಯಿತು. ದಿನಗೂಲಿಯವನ, ಮೀನು ಮಾರುವವನ, ಗುಜರಿ ಆಯುವವನ ಮನೆಯಲ್ಲಿ ಮೊದಲು ನಿಲ್ಲುವುದು ಈ ಪಟ್ಟಿಗಳೇ. ಬಳಿಕ ಅಂದಾಜಿನ ಮೇಲೆ ಸೂಜಿ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯು ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯ ತನಕ ಚಿಕಿತ್ಸೆಯ ಭರವಸೆ ನೀಡುತ್ತದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಅಂದರೆ ಪಟ್ಟಿಯಿಲ್ಲದೆ, ಇನ್ಸುಲಿನ್ ತಪ್ಪಿ, ಪ್ರಜ್ಞೆ ಕಳೆದುಕೊಂಡು ಮಗು ಆಸ್ಪತ್ರೆಯ ಹಾಸಿಗೆ ಸೇರಿದರೆ ಸರಕಾರವು ಸಾವಿರಾರು ರೂಪಾಯಿಗಳನ್ನು ಖರ್ಚು ಮಾಡುತ್ತದೆ. ಸೇರದಂತೆ ತಡೆಯುವ ಹದಿನೈದು ರೂಪಾಯಿಯ ಪಟ್ಟಿಗೆ ಈ ಯೋಜನೆಯಲ್ಲಿ ಸ್ಥಾನವಿಲ್ಲ. ಇದೆಂತಹ ಲೆಕ್ಕಾಚಾರ? ಇನ್ಸುಲಿನನ್ನು ಕಂಡುಹಿಡಿದವರು ತಮ್ಮ ಪೇಟೆಂಟನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟಿದ್ದರು. ನೂರು ವರ್ಷ ಕಳೆದರೂ ಬಡವನ ಮಗು ಅದಕ್ಕಾಗಿ ಕೈಚಾಚಬೇಕಾಗಿದೆ. ವೈದ್ಯಕೀಯ ಸಂಶೋಧನಾ ಪರಿಷತ್ತು 2022ರಲ್ಲಿ ಟೈಪ್ 1ಕ್ಕಾಗಿ ಪ್ರತ್ಯೇಕ ಮಾರ್ಗಸೂಚಿ ಪ್ರಕಟಿಸಿದೆ. ಮಾರ್ಗಸೂಚಿಯ ಜೊತೆಗೆ ಪಟ್ಟಿಯೂ ತಾಲೂಕು ಆಸ್ಪತ್ರೆಯ ತನಕ ಬರಲಿ ಎಂದು ನಮ್ಮ ಶಾಸಕರನ್ನು, ನಗರಸಭಾ ಸದಸ್ಯರನ್ನು ಕೇಳಬೇಕಾಗಿದೆ. ಕೇಳಬೇಕಾದರೆ ಇಂತಿಷ್ಟು ಮಕ್ಕಳಿದ್ದಾರೆಂದು ಹೇಳಬೇಕು. ಹೇಳಬೇಕಾದರೆ ಮನೆಗಳು ಬಾಯಿ ತೆರೆಯಬೇಕು. ಲೆಕ್ಕಕ್ಕೆ ಸಿಗದವರ ಪರವಾಗಿ ಯಾವ ಬೇಡಿಕೆಯನ್ನು ಮಂಡಿಸಲು ಸಾಧ್ಯ?

ಜಮಾಅತ್‌ಗಳ ಬಗ್ಗೆಯೂ ಒಂದು ಮಾತು. ಝಕಾತ್‌ನ ಹಣದಿಂದ ಹೃದಯದ ಶಸ್ತ್ರಚಿಕಿತ್ಸೆಗೆ, ಕಿಡ್ನಿ ಬದಲಾವಣೆಗೆ ದೊಡ್ಡ ಮೊತ್ತ ನೀಡಿ ಪತ್ರಿಕೆಗೆ ಭಾವಚಿತ್ರ ಕಳುಹಿಸುವ ಸಮಿತಿಗಳು ನಮ್ಮಲ್ಲಿ ಧಾರಾಳವಾಗಿವೆ. ತಿಂಗಳು ತಿಂಗಳು ಎರಡು ಮೂರು ಸಾವಿರ ರೂಪಾಯಿಯನ್ನು ಅರ್ಹ ಕುಟುಂಬವೊಂದಕ್ಕೆ ಹದಿನೈದು ವರ್ಷ ನೀಡುವುದರಲ್ಲಿ ಭಾವಚಿತ್ರಕ್ಕೆ ಅವಕಾಶವಿಲ್ಲ. ಆದರೆ ಸರಿಯಾದ ಇನ್ಸುಲಿನ್ ಸಿಗದ ಮಗುವೇ ಮೂವತ್ತರ ಪ್ರಾಯದಲ್ಲಿ ಕಿಡ್ನಿ ಕಳೆದುಕೊಂಡು ಅದೇ ಸಮಿತಿಯ ಮುಂದೆ ಬಂದು ನಿಲ್ಲುವುದು.

ಕೊನೆಯದಾಗಿ, ಎಲ್ಲ ಮುಚ್ಚುಮರೆಗೂ ಮೂಲವಾದ ಮದುವೆ. ಶರೀರದ ಕಾವಲು ಪಡೆ ದಾರಿ ತಪ್ಪಿ ಬರುವ ರೋಗಗಳಲ್ಲಿ ಹೆಚ್ಚಿನವು ಹೆಣ್ಣುಮಕ್ಕಳನ್ನೇ ಹೆಚ್ಚಾಗಿ ಕಾಡುತ್ತವೆ. ಥೈರಾಯ್ಡ್‌ನ ತೊಂದರೆ, ರುಮಟಾಯ್ಡ್ ಸಂಧಿವಾತ, ಲೂಪಸ್ ಇವೆಲ್ಲವೂ ಆ ಸಾಲಿನವು. ಟೈಪ್ 1 ಇರುವವರಿಗೆ ಥೈರಾಯ್ಡ್‌ನ ತೊಂದರೆಯೂ ಸೇರಿಕೊಳ್ಳುವ ಸಂಭವ ಹೆಚ್ಚಿರುವುದರಿಂದ ಅದನ್ನೂ ಆಗಾಗ ಪರೀಕ್ಷಿಸುತ್ತಿರಬೇಕು. ಗಂಡನ ಮನೆಗೆ ಗುಟ್ಟಾಗಿ ಬಂದ ಸೊಸೆಯ ದಿನಚರಿಯನ್ನು ಯೋಚಿಸಿ. ಥೈರಾಯ್ಡ್‌ನ ಮಾತ್ರೆಯನ್ನು ಬರಿ ಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆಯಾದರೂ ಏನನ್ನೂ ತಿನ್ನಬಾರದು, ಆದರೆ ಅತ್ತೆಯೊಂದಿಗೆ ಬೆಳಗಿನ ಚಹಾ ಕುಡಿಯದಿದ್ದರೆ ಪ್ರಶ್ನೆ ಏಳುತ್ತದೆ. ಸಂಧಿವಾತದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಂದು ದಿನ ಮಾತ್ರ ಸೇವಿಸಬೇಕು, ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಗರ್ಭಿಣಿಯಾಗುವುದಕ್ಕೆ ಮುಂಚೆಯೇ ವೈದ್ಯರನ್ನು ಕಂಡು ಅದನ್ನು ನಿಲ್ಲಿಸಬೇಕು. ಗಂಡನಿಗೇ ತಿಳಿಯದಿದ್ದರೆ ಅವಳು ಯಾರೊಂದಿಗೆ ಹೇಳಿಯಾಳು? ಟೈಪ್ 1 ಇರುವ ಹೆಣ್ಣು ಗರ್ಭ ಧರಿಸುವ ಮುನ್ನವೇ ಸಕ್ಕರೆಯನ್ನು ಹತೋಟಿಗೆ ತಂದಿರಬೇಕು. ಹೆಚ್ಚಿನವರಿಗೆ ಗರ್ಭದ ಅರಿವಾಗುವ ಹೊತ್ತಿಗೆ ಶಿಶುವಿನ ಹೃದಯ ರೂಪುಗೊಳ್ಳಲು ಆರಂಭಿಸಿರುತ್ತದೆ. ಸೂಜಿ ಚುಚ್ಚುವುದನ್ನು ಕಂಡಾರೆಂಬ ಭಯದಿಂದ ಮಧ್ಯಾಹ್ನದ ಇನ್ಸುಲಿನನ್ನು ತಪ್ಪಿಸುವ ಸೊಸೆಯಂದಿರಿದ್ದಾರೆ. ಗುಟ್ಟು ರಟ್ಟಾಗುವುದು ಆಸ್ಪತ್ರೆಯಲ್ಲಿ. ಬಳಿಕ ಮೋಸದ ಆರೋಪ, ತಲಾಕ್‌ನ ಮಾತು, ಜಮಾಅತ್‌ನ ಪಂಚಾಯಿತಿಕೆ. ಹುಡುಗಿಯ ಕಡೆಯವರು ಹೇಳಲಿಲ್ಲವೆಂಬುದು ನಿಜ. ಹೇಳಿದ್ದರೆ ನೀವು ಒಪ್ಪುತ್ತಿದ್ದಿರೇ ಎಂದು ಆ ಪಂಚಾಯಿತಿಕೆಯಲ್ಲಿ ಯಾರೂ ಕೇಳುವುದಿಲ್ಲ.

ಒಪ್ಪದಿರಲು ಕಾರಣವಾದರೂ ಏನು? ಮಕ್ಕಳಿಗೂ ಬಂದೀತೆಂಬ ಭಯ. ತಾಯಿಗೆ ಟೈಪ್ 1 ಇದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ ಒಂದರಿಂದ ನಾಲ್ಕು, ತಂದೆಗಿದ್ದರೆ ನೂರಕ್ಕೆ ಸುಮಾರು ಆರು. ಅಂದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಬರುವುದಿಲ್ಲ. ಅದೇ ವೇಳೆ, ವಂಶದಿಂದ ವಂಶಕ್ಕೆ ಇದಕ್ಕಿಂತ ಬಹಳ ಹೆಚ್ಚಾಗಿ ಹರಿದುಬರುವುದು ಅಜ್ಜನ ಟೈಪ್ 2. ಹೆಣ್ಣು ನೋಡಲು ಬಂದು, ಹುಡುಗಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆಂದು ತಿಳಿದು ಎದ್ದು ಹೋಗುವ ಮನೆಯ ಹಿರಿಯರು, ಹೊರಟು ನಿಲ್ಲುವ ಮುನ್ನ ತಮ್ಮ ಜೇಬಿನಲ್ಲಿರುವ ಮಾತ್ರೆಯ ಡಬ್ಬಿಯನ್ನು ಒಮ್ಮೆ ಮುಟ್ಟಿ ನೋಡಲಿ. ಹುಡುಗಿಯ ತಂದೆಯೂ ಮಾತುಕತೆಯ ಮೊದಲ ದಿನವೇ, ಮಹರ್‌ನ ಪ್ರಸ್ತಾಪಕ್ಕಿಂತ ಮುಂಚೆ, ರೋಗದ ವಿಷಯವನ್ನು ಹೇಳಲಿ. ಎದ್ದು ಹೋಗುವವರು ಅಂದೇ ಎದ್ದು ಹೋಗುವುದು ಲೇಸು. ಕುಳಿತು, ಇನ್ಸುಲಿನನ್ನು ಎಲ್ಲಿಡಬೇಕು, ಲೋ ಶುಗರ್ ಆದರೆ ಏನು ಕೊಡಬೇಕು ಎಂದು ಕೇಳುವ ಕುಟುಂಬವೂ ಇದೆ. ಅಂತಹ ಎರಡು ಮದುವೆಗಳನ್ನು ನಾವು ಬಲ್ಲೆವು. ಅವುಗಳಲ್ಲೊಂದರಲ್ಲಿ, ಮದುವೆಯ ದಿನ ವಧುವಿನ ಗ್ಲೂಕೋಸ್ ಪೊಟ್ಟಣವು ಅತ್ತೆಯ ಪರ್ಸ್‌ನಲ್ಲಿತ್ತು.